ಭೀಮನ ಪಕ್ಕೆಲುಬು, ನನ್ನ ಮಾನ

ನಿನ್ನೆ ಸಂಜೆ ಗುರುತು ಪರಿಚಯ ಇಲ್ಲದವರೊಬ್ಬರು ನನಗೆ 50 ರೂಪಾಯಿ ಕೊಟ್ಟರು. ಕುವೆಂಪುನಗರದ ಪಾರ್ಕಿನ ಗೇಟಿನ ಹತ್ತಿರ ನಾಯಿ ಹಿಡಿದುಕೊಂಡು ನಿಂತಿದ್ದೆ. ವಾಕಿಂಗ್ ಮುಗಿಸಿ ಬಂದ ಆ ಹೆಂಗಸು ನಾಯಿಯನ್ನು ನೋಡಿದರು, ನನ್ನನ್ನು ನೋಡಿದರು, ಪರ್ಸ್ ತೆಗೆದರು. "ತಗೊಳ್ಳಿ ಸಾರ್. ಪಾಪ, ಅದಕ್ಕೆ ಏನಾದ್ರೂ ತಿನ್ನೋಕೆ ಕೊಡ್ಸಿ. ಅದಕ್ಕೇ ಕೊಡ್ಸಿ ಮತ್ತೆ" ಅಂದರು. ಎರಡನೇ "ಅದಕ್ಕೇ" ಅನ್ನುವಾಗ ಅವರ ಕಣ್ಣು ನನ್ನ ಹೊಟ್ಟೆಯ ಮೇಲಿತ್ತು. ನಾನು ಬೇಡ ಬೇಡ ಅನ್ನುವಷ್ಟರಲ್ಲಿ ನೋಟು ಕೈ ಸೇರಿತ್ತು, ಅವರು ಸ್ಕೂಟರ್ ಹತ್ತಿಯಾಗಿತ್ತು.

ಭೀಮ ಏಳು ತಿಂಗಳ ಮುಧೋಳ ನಾಯಿ. ಇನ್ನೊಂದು ನಾಲ್ಕೈದು ತಿಂಗಳು ನಮ್ಮ ಮನೆಯಲ್ಲಿ ಬೆಳೆದು, ಆಮೇಲೆ ನಂಜನಗೂಡಿನ ಹತ್ತಿರ ಭಾವನ ತೋಟಕ್ಕೆ ಕಾವಲಿಗೆ ಹೋಗಬೇಕಾದವನು. ಅಲ್ಲಿ ಹಂದಿ ಕಾಟ, ಕೋತಿ ಕಾಟ, ರಾತ್ರಿ ಹೊತ್ತು ಪಂಪ್‌ಸೆಟ್ಟಿನ ವೈರ್ ಕದಿಯುವವರ ಕಾಟ. ಅಂಥಾ ಕೆಲಸದ ನಾಯಿಯನ್ನು ಗಟ್ಟಿಮುಟ್ಟಾಗಿ ಸಾಕಿಕೊಡುವ ಜವಾಬ್ದಾರಿ ನನ್ನದು. ಕೆಲಸ ಚೆನ್ನಾಗೇ ನಡೀತಾ ಇದೆ. ಮಾನ ಮಾತ್ರ ಹೋಗ್ತಾ ಇದೆ.

ಮುಧೋಳ ನಾಯಿಯನ್ನು ನೀವು ನೋಡಿರುತ್ತೀರಿ. ಉದ್ದ ಕಾಲು, ಉದ್ದ ಮೂತಿ, ಆಳವಾದ ಎದೆ. ಎದೆ ಮುಗಿದ ಕಡೆ ಹೊಟ್ಟೆ ಶುರುವಾಗಬೇಕು, ಆದರೆ ಆಗುವುದಿಲ್ಲ. ಸೀದಾ ಬೆನ್ನಿಗೆ ಹೋಗಿ ಅಂಟಿಕೊಂಡಿರುತ್ತದೆ. ಚರ್ಮ ತೆಳು, ಕೂದಲು ಗಿಡ್ಡ, ಮೈಯಲ್ಲಿ ಕೊಬ್ಬು ಅನ್ನುವುದೇ ಕಮ್ಮಿ. ಹಿಂದಿನ ಎರಡು ಮೂರು ಪಕ್ಕೆಲುಬು ದೂರದಿಂದಲೇ ಎಣಿಸಬಹುದು. ಈ ವಯಸ್ಸಿನಲ್ಲಂತೂ ಕಾಲು ಮೊದಲು ಬೆಳೆದು ಎದೆ ಆಮೇಲೆ ತುಂಬಿಕೊಳ್ಳುವುದರಿಂದ ಇನ್ನೂ ಬಡಕಲು. ಅದರ ಮೇಲೆ ಅವನ ಮುಖ. ಹುಟ್ಟಿದಾಗಿನಿಂದಲೂ ಯಾರೋ ತೀರಿಹೋದ ಹಾಗಿರುವ ಮುಖ.

ಅವನನ್ನು ತಂದದ್ದು ಲೋಕಾಪುರದ ಕಡೆಯ ರೈತರೊಬ್ಬರಿಂದ. ಆ ಸೀಮೆಯಲ್ಲಿ ತಲೆತಲಾಂತರದಿಂದ ಈ ನಾಯಿ ಸಾಕುತ್ತಾರೆ. ಜೋಳದ ನುಚ್ಚು, ಮೆಕ್ಕೆಜೋಳ, ತೊಗರಿಬೇಳೆ, ಹಾಲು, ಸಿಕ್ಕಿದರೆ ಮೊಟ್ಟೆ. ಅಷ್ಟರಲ್ಲೇ ಬೆಳೆದ ನಾಯಿಗಳು ಗಾಳಿಗಿಂತ ಮುಂದೆ ಓಡುತ್ತವೆ. ಮೊದಮೊದಲು ನನಗೂ ಗಾಬರಿಯಾಗಿ ಫೋನ್ ಮಾಡಿದ್ದೆ. "ಸರ, ಎಲುಬು ಕಾಣ್ಬೇಕ್ರಿ. ದಪ್ಪ ಆತಂದ್ರ ಅದು ಮುಧೋಳ ನಾಯಿ ಅಲ್ರಿ, ಎಮ್ಮಿ" ಅಂದರು. ಅವರಿಗೇನು, ಅಷ್ಟು ಹೇಳಿ ಫೋನ್ ಇಟ್ಟರು. ಮೈಸೂರಿನಲ್ಲಿ ಬೀದಿ ಸುತ್ತಬೇಕಾದವನು ನಾನು.

ಪಶುವೈದ್ಯರು ಇನ್ನೂ ವಿವರವಾಗಿ ತೋರಿಸಿಕೊಟ್ಟಿದ್ದಾರೆ. ಮುಷ್ಟಿ ಕಟ್ಟಿ ಗೆಣ್ಣಿನ ಮೇಲೆ ಬೆರಳಾಡಿಸಿ ನೋಡಿ, ಪಕ್ಕೆಲುಬು ಹಾಗೆ ಉಬ್ಬುಬ್ಬಾಗಿ ಸಿಕ್ಕಿದರೆ ನಾಯಿ ಬಡಕಲು. ಕೈ ಬಿಚ್ಚಿ ಅಂಗೈ ಕಡೆ ಬೆರಳಿನ ಬುಡ ಮುಟ್ಟಿ ನೋಡಿ, ಹಾಗೆ ಮೆತ್ತಗಿದ್ದರೆ ಜಾಸ್ತಿ ತಿಂದಿದೆ. ಬಿಚ್ಚಿದ ಕೈಯ ಹಿಂಭಾಗ ಮುಟ್ಟಿದಾಗ ಹೇಗಿರುತ್ತೋ ಹಾಗಿದ್ದರೆ ಸರಿ. ಮುಧೋಳಕ್ಕೆ ಇದರಲ್ಲೂ ಸ್ವಲ್ಪ ರಿಯಾಯಿತಿ. ಬೆಳೆಯುವ ಮರಿಯನ್ನು ದಪ್ಪ ಮಾಡಿದರೆ ಆ ಭಾರವನ್ನೆಲ್ಲ ಹೊರುವುದು ಎಳೇ ಮೂಳೆ, ಎಳೇ ಕೀಲು. ಬರೀ ಎಂಟೊಂಬತ್ತು ಕಿಲೋ ತೂಗುವ ಮನೆ ನಾಯಿಯಾದರೆ ಹೇಗೋ ತಡೆದುಕೊಂಡೀತು, ಗದ್ದೆಯಲ್ಲಿ ಓಡಬೇಕಾದ ನಾಯಿಗೆ ಅದೇ ಶತ್ರು. ಇಷ್ಟು ಹೇಳಿದ ಡಾಕ್ಟರು, ಕೊನೆಗೆ ಯಾಕೋ ನನ್ನ ಕಡೆ ನೋಡಿ, "ಅದರ ಜೊತೆ ನೀವೂ ಓಡಿ" ಅಂದರು.

ಇದನ್ನೆಲ್ಲ ಬೀದಿಯವರಿಗೆ ವಿವರಿಸಲು ಆಗುತ್ತಾ? ಹಾಲಿನವನು "ಜಂತುಹುಳ ಇರ್ಬೇಕು ನೋಡಿ" ಅನ್ನುತ್ತಾನೆ. ಮೂರು ತಿಂಗಳವರೆಗೆ 15 ದಿನಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ ಜಂತುಹುಳದ ಔಷಧಿ ಕುಡಿಸಿದವನು ನಾನು. ಜಿಮ್ಮಿಗೆ ಹೋಗುವ ಹುಡುಗ ಕ್ಯಾಲ್ಸಿಯಂ ಟಾನಿಕ್ ಹಾಕಿ ಅನ್ನುತ್ತಾನೆ. ಪಪ್ಪಿ ಫುಡ್‌ನಲ್ಲಿ ಕ್ಯಾಲ್ಸಿಯಂ ಲೆಕ್ಕ ಹಾಕೇ ಸೇರಿಸಿರುತ್ತಾರೆ, ಅದರ ಮೇಲೆ ಇನ್ನೂ ಸುರಿದರೆ ಮೂಳೆ ಸೊಟ್ಟ ಬೆಳೆಯುವುದುಂಟು ಅಂದರೆ ನಂಬುವುದಿಲ್ಲ. ಕೊರಿಯರ್ ಹುಡುಗ ಏನೂ ಹೇಳುವುದಿಲ್ಲ, ಜೇಬಿನಿಂದ ಪಾರ್ಲೆ-ಜಿ ತೆಗೆಯುತ್ತಾನೆ.

ಇವರೆಲ್ಲ ಬಂದು ಹೋಗುವವರು, ಸಹಿಸಿಕೊಳ್ಳಬಹುದು. ಎದುರು ಮನೆ ಅಜ್ಜಿ ಹಾಗಲ್ಲ. ಅವರದು ದಿನದ ಡ್ಯೂಟಿ.

ಅಜ್ಜಿ ನನ್ನ ಹತ್ತಿರ ನೇರವಾಗಿ ಏನೂ ಕೇಳುವುದಿಲ್ಲ. ನಾಯಿಯ ಹತ್ತಿರ ಮಾತಾಡುತ್ತಾರೆ, ನನಗೆ ಕೇಳುವ ಹಾಗೆ. "ಏನೋ ಭೀಮಾ, ಇವತ್ತೂ ಏನೂ ಹಾಕ್ಲಿಲ್ವೇನೋ ನಿಮ್ಮಪ್ಪ? ಹೆಸರೇನೋ ಭೀಮ ಅಂತ ಇಟ್ಟವ್ರೆ, ಊಟ ಇಡೋದು ಮರೆತವ್ರೆ." ಅಷ್ಟು ಹೊತ್ತಿಗೆ ಭೀಮ ಎರಡು ಬೇಯಿಸಿದ ಮೊಟ್ಟೆ, ರಾಗಿ ಗಂಜಿ, ಮೊಸರು ಮುಗಿಸಿ ತಟ್ಟೆಯ ತಳವನ್ನೂ ನೆಕ್ಕಿರುತ್ತಾನೆ. ಅಜ್ಜಿಯ ದನಿ ಕೇಳಿದ್ದೇ ತಡ, ಗೇಟಿನ ಸರಳುಗಳ ಮಧ್ಯೆ ಮೂತಿ ತೂರಿಸಿ, ಕಿವಿ ಇಳಿಬಿಟ್ಟು, ಒಂದು ಮುಂಗಾಲು ಸ್ವಲ್ಪ ಎತ್ತಿ ನಿಲ್ಲುತ್ತಾನೆ. ಆ ಕಾಲು ಎತ್ತುವುದನ್ನು ನಾನಂತೂ ಕಲಿಸಿಲ್ಲ. ಉಸಿರು ಒಳಗೆ ಎಳೆದುಕೊಳ್ಳುತ್ತಾನೋ ಏನೋ, ಆಗ ಇನ್ನೂ ಎರಡು ಪಕ್ಕೆಲುಬು ಹೆಚ್ಚಾಗಿ ಕಾಣುತ್ತವೆ.

ಸಣ್ಣ ಮರಿಗೆ ದಿನಕ್ಕೆ ನಾಲ್ಕು ಸಲ ಊಟ, ಮೂರು ತಿಂಗಳಾದ ಮೇಲೆ ಮೂರು, ಆರು ದಾಟಿದ ಮೇಲೆ ಎರಡು. ಇದು ಎಲ್ಲ ಕಡೆಯೂ ಇರುವ ಕ್ರಮ. ಸಲ ಕಮ್ಮಿಯಾದರೂ ತಟ್ಟೆಯಲ್ಲಿ ಬೀಳುವುದು ಜಾಸ್ತಿ. ಆದರೆ ಅಜ್ಜಿ ಲೆಕ್ಕ ಇಟ್ಟದ್ದು ಸಲಕ್ಕೆ ಮಾತ್ರ. "ನಾಲ್ಕಿತ್ತು, ಮೂರು ಮಾಡಿದ. ಮೂರಿತ್ತು, ಎರಡು ಮಾಡಿದ. ಇನ್ನು ಒಂದು. ಆಮೇಲೆ ದಿನಾ ಏಕಾದಶಿ" ಅಂತ ಹೂವಿನವಳ ಹತ್ತಿರ ಹೇಳುತ್ತಿದ್ದರು. ಮೊಟ್ಟೆ ವಾಸನೆಗೆ ಮೂಗು ಮುಚ್ಚಿಕೊಳ್ಳುವ ಮಡಿ ಹೆಂಗಸು, ಒಂದು ದಿನ ದನಿ ತಗ್ಗಿಸಿ ನನ್ನ ಹೆಂಡತಿಗೆ, "ಅದಕ್ಕೆ ಮಾಂಸ ಬೇಕಿದ್ರೂ ಹಾಕಿ, ನಾನೇನೂ ಅಂದ್ಕೊಳಲ್ಲ" ಅಂದಿದ್ದಾರೆ. ಪ್ರತಿ ಸಂಜೆ ಮೂಳೆ ಬಿಡಿಸಿದ ಕೋಳಿ, ಅನ್ನ, ಸಿಹಿಗುಂಬಳ ತಿನ್ನುವ ನಾಯಿಗೆ!

ದೋಸೆ ತುಂಡು, ಇಡ್ಲಿ, ಚಪಾತಿ ಚೂರು ಇಷ್ಟಕ್ಕೆಲ್ಲ ನಾನು ಸುಮ್ಮನಿದ್ದೆ. ಈರುಳ್ಳಿ ಇರುವುದು ಬೇಡ ಅಂದಾಗ ಅಜ್ಜಿಯೂ ಒಪ್ಪಿದರು, ಅವರ ಮನೆಯಲ್ಲಿ ಈರುಳ್ಳಿ ಹಾಕುವುದೇ ಅಪರೂಪ. ಕಷ್ಟ ಬಂದಿದ್ದು ಹೋದ ಹುಣ್ಣಿಮೆಗೆ. ಅವರ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಬಾಳೆ ಎಲೆಯಲ್ಲಿ ಸಜ್ಜಿಗೆ ಪ್ರಸಾದ ಹಿಡಿದುಕೊಂಡು ಅಜ್ಜಿ ಖುದ್ದಾಗಿ ಬಂದರು. ನನಗೊಂದು, ಹೆಂಡತಿಗೊಂದು, ಭೀಮನಿಗೆ ಒಂದು. ಭೀಮನದು ನಮ್ಮದಕ್ಕಿಂತ ದೊಡ್ಡದು. ತುಪ್ಪ ಜಿನುಗುತ್ತಿತ್ತು, ಮೇಲೆ ದ್ರಾಕ್ಷಿ ಮಿನುಗುತ್ತಿತ್ತು.

ದ್ರಾಕ್ಷಿ ನಾಯಿಯ ಕಿಡ್ನಿಗೆ ವಿಷ. ಒಣದ್ರಾಕ್ಷಿ ಇನ್ನೂ ಜಾಸ್ತಿ. ಎಷ್ಟು ತಿಂದರೆ ಅಪಾಯ ಅನ್ನುವುದು ಒಂದೊಂದು ನಾಯಿಗೆ ಒಂದೊಂದು ಥರ, ಹಾಗಾಗಿ ಒಂದನ್ನೂ ಕೊಡದಿರುವುದೇ ಕ್ಷೇಮ. ಆದರೆ ಪ್ರಸಾದಕ್ಕೆ ಬೇಡ ಅನ್ನುವುದು ಹೇಗೆ? ಪ್ರಸಾದ ತಿರಸ್ಕರಿಸಿದ ಸಾಧು ಶೆಟ್ಟಿಯ ಮನೆಯವರ ಹಡಗು ಮುಳುಗಿದ ಕಥೆಯನ್ನು ಅಜ್ಜಿ ಈಗಷ್ಟೇ ಕೇಳಿಕೊಂಡು ಬಂದಿದ್ದಾರೆ. "ಅಜ್ಜಿ, ದ್ರಾಕ್ಷಿ ನಾಯಿಗೆ ಆಗಲ್ಲ" ಅಂದೆ. "ಪ್ರಸಾದದಿಂದ ಯಾರಿಗಾದ್ರೂ ಕೆಟ್ಟದಾಗಿದೆಯೇನಪ್ಪಾ?" ಅಂದರು. ಭೀಮ ಎಗರಿ ಎಲೆಗೆ ಬಾಯಿ ಹಾಕಲು ಬಂದ. ಕೆಳಗೆ ಇಡುವ ಹಾಗಿಲ್ಲ, ಎಸೆಯುವ ಹಾಗಿಲ್ಲ, ವಾಪಸ್ ಕೊಡುವ ಹಾಗಿಲ್ಲ. ಉಳಿದಿದ್ದು ಒಂದೇ ದಾರಿ. ಅಷ್ಟನ್ನೂ ನಾನೇ ಬಾಯಿಗೆ ಹಾಕಿಕೊಂಡೆ. ನಾಯಿಯ ಎದುರಿಗೇ, ಎರಡೇ ತುತ್ತಿಗೆ, ಗಬಗಬ ಅಂತ.

ಅಜ್ಜಿ ಬಹಳ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಭೀಮನ ತಲೆ ಸವರಿ, "ಈಗ ಗೊತ್ತಾಯ್ತು ಬಿಡು ಮಗಾ" ಅಂದು ಹೊರಟುಹೋದರು. ಅರ್ಧ ಗಂಟೆಯಲ್ಲಿ ಇಡೀ ಬೀದಿಗೆ ಗೊತ್ತಾಯಿತು.

ಇದೇ ನಾಯಿಯ ಜೋಡಿ ಮರಿಗಳನ್ನು ಮುಧೋಳದ ರಾಜ ಮಾಲೋಜಿರಾವ್ ಘೋರ್ಪಡೆ ಐದನೇ ಜಾರ್ಜ್ ದೊರೆಗೆ ಕೊಟ್ಟರು. ಏನ್ರೀ ರಾಜರೇ, ಇದಕ್ಕೆ ಊಟ ಹಾಕಿಲ್ವಾ ಅಂತ ದೊರೆ ಕೇಳಿದ ದಾಖಲೆ ಇಲ್ಲ. 2005ರಲ್ಲಿ ಅಂಚೆ ಇಲಾಖೆ ಇದರ ಸ್ಟಾಂಪ್ ತಂದಿತು, ಹೊಟ್ಟೆ ತುಂಬಿಸದೆಯೇ. 2016ರಲ್ಲಿ ಸೇನೆಯವರು ತರಬೇತಿಗೆಂದು ಮೀರತ್‌ಗೆ ಮರಿಗಳನ್ನು ಕರೆದುಕೊಂಡು ಹೋದರು. ಅಲ್ಲಿ ಯಾರೂ ಕರ್ನಲ್ ಸಾಹೇಬರ ಕೈಗೆ 50 ರೂಪಾಯಿ ತುರುಕಿರಲಿಕ್ಕಿಲ್ಲ.

ಸಂಕ್ರಾಂತಿ ಆದ ಮೇಲೆ ಭಾವನ ಊರಿಗೆ ಕರೆದುಕೊಂಡು ಹೋಗಿದ್ದೆ. ಕೊಯ್ಲು ಮುಗಿದ ಗದ್ದೆಯಲ್ಲಿ ಹಗ್ಗ ಬಿಚ್ಚಿದೆ. ದೂರದ ಬದುವಿನಲ್ಲಿ ಏನೋ ಅಲ್ಲಾಡಿತು. ಭೀಮ ಹೋದ. ಓಡಿದ ಅನ್ನಲಾರೆ, ಇಲ್ಲಿದ್ದವನು ಅಲ್ಲಿದ್ದ. ಬೀದಿಯಲ್ಲಿ ಎಲ್ಲರೂ ಪಾಪ ಅನ್ನುವ ಆ ಸೊಂಟ ಮಡಚಿ ಬಿಚ್ಚಿ, ನಾಲ್ಕು ಕಾಲೂ ಒಟ್ಟಿಗೆ ನೆಲ ಬಿಟ್ಟಿದ್ದು ನೋಡಿ ನನಗೆ ಮಾತೇ ಹೊರಡಲಿಲ್ಲ. ಮೊಲವೋ ಏನೋ, ಅದು ತಪ್ಪಿಸಿಕೊಂಡಿತು, ಸದ್ಯ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಹಿಡಿಯುವವನು ಅವನು, ಕೇಸು ನನ್ನ ಮೇಲೆ. ಇವನು ಅಲ್ಲೇ ಇರಬೇಕಾದವನು, ನಮ್ಮ 30-40 ಸೈಟಿನಲ್ಲಲ್ಲ ಅಂತ ಆವತ್ತು ಗೊತ್ತಾಯಿತು. ವಾಪಸ್ ಬರುವಾಗ ಕಾರಿನಲ್ಲಿ ನನ್ನ ತೊಡೆ ಮೇಲೆ ತಲೆ ಇಟ್ಟು ಗೊರಕೆ ಹೊಡೆದ. ಅವನು ಹೋದ ಮೇಲೆ ಬೆಳಿಗ್ಗೆ ಮೊಟ್ಟೆ ಬೇಯಿಸುವುದು ಯಾರಿಗೆ ಅನ್ನುವ ಯೋಚನೆ ಬಂತು. ಆಗಲಿ, ಅದು ಆಮೇಲಿನ ಮಾತು.

ಐವತ್ತರ ನೋಟಿನ ಅವಮಾನ ತಾಳಲಾರದೆ ಇವತ್ತು ಬೆಳಿಗ್ಗೆ ಪಶುವೈದ್ಯರ ಹತ್ತಿರ ಹೋಗಿ ಒಂದು ಚೀಟಿ ಬರೆಸಿಕೊಂಡು ಬಂದೆ. "ತೂಕ 17 ಕಿಲೋ. ವಯಸ್ಸಿಗೆ, ತಳಿಗೆ ತಕ್ಕಂತಿದೆ. ಆರೋಗ್ಯ ಉತ್ತಮ." ಸಹಿ, ಸೀಲು ಎಲ್ಲ ಇದೆ. ಲ್ಯಾಮಿನೇಷನ್ ಮಾಡಿಸಿ, ನೇರವಾಗಿ ಎದುರು ಮನೆಗೆ ಹೋಗಿ ಅಜ್ಜಿಯ ಕೈಗೆ ಕೊಟ್ಟೆ. ಅಜ್ಜಿ ಕನ್ನಡಕ ಹುಡುಕಿ ಹಾಕಿಕೊಂಡು, ತುಟಿ ಅಲ್ಲಾಡಿಸುತ್ತಾ ಎರಡು ಸಲ ಓದಿದರು. ಸೀಲನ್ನು ಬೆಳಕಿಗೆ ಹಿಡಿದೂ ನೋಡಿದರು.

"ಡಾಕ್ಟ್ರು ಹೇಳಿದ್ದು ಸರೀನೇ ಇರುತ್ತೆ" ಅಂದರು. "ಆದ್ರೆ ಹಸಿವಾಗ್ತಿದೆಯಾ ಅಂತ ಅದನ್ನ ಒಂದು ಮಾತು ಕೇಳಿದ್ರೇನು?"

ಭೀಮ ಆಗಲೇ ಕಾಲು ಎತ್ತಿ ನಿಂತಿದ್ದ.