ಸ್ಪಷ್ಟನೆ: ಹೊಸ ಹ್ಯೂಮಿಡಾರನ್ನು ಒದ್ದೆ ಬಟ್ಟೆಯಿಂದ ಒರೆಸಬೇಡಿ

ಹೊಸ ಹ್ಯೂಮಿಡಾರ್‌ನ, ಅಂದರೆ ಸಿಗಾರ್ ಒಣಗದಂತೆ ತೇವದಲ್ಲಿಡುವ ಮರದ ಪೆಟ್ಟಿಗೆಯ, ಒಳಮೈಯನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಅದೇ ದಿನ ಸಿಗಾರ್ ಇಡಬಹುದು ಎಂಬ ಸಲಹೆ ಹರಿದಾಡುತ್ತಿದೆ. ಇದು ತಪ್ಪು. ಒಳಗಿನ ಸ್ಪ್ಯಾನಿಷ್ ಸೀಡರ್ ಎಂಬ ಮರದ ಹಲಗೆ ತೆಳುವಾದದ್ದು. ನೀರು ನೇರವಾಗಿ ತಾಗಿದರೆ ಮೇಲ್ಪದರವಷ್ಟೇ ಬೇಗ ಉಬ್ಬಿ ಹಲಗೆ ಡೊಂಕಾಗಬಹುದು, ಬಿರುಕೂ ಬಿಡಬಹುದು. ಆಮೇಲೆ ಮುಚ್ಚಳ ಬಿಗಿಯಾಗಿ ಕೂರದೆ ಒಳಗಿನ ತೇವ ಸೋರುತ್ತಲೇ ಇರುತ್ತದೆ.

ಮರ ಗಾಳಿಯಿಂದ ನಿಧಾನವಾಗಿ ತೇವ ಹೀರಬೇಕು. 84% ಬೊವೆಡಾ ಪ್ಯಾಕ್‌ಗಳನ್ನು (ಗಾಳಿಯ ತೇವಾಂಶವನ್ನು ಆ ಮಟ್ಟದಲ್ಲಿ ಹಿಡಿದಿಡುವ ಪೊಟ್ಟಣಗಳು), 25 ಸಿಗಾರ್ ಹಿಡಿಸುವ ಜಾಗಕ್ಕೆ 60 ಗ್ರಾಂನ ಒಂದರಂತೆ, ಖಾಲಿ ಪೆಟ್ಟಿಗೆಯಲ್ಲಿಟ್ಟು 14 ದಿನ ಮುಚ್ಚಿಡಿ. ನಡುನಡುವೆ ತೆರೆದು ನೋಡುವ ಆಸೆ ಬೇಡ. ಬಳಿಕ ಅವನ್ನು ತೆಗೆದು 65% ಅಥವಾ 69% ಪ್ಯಾಕ್ ಹಾಕಿ. 84% ಪ್ಯಾಕನ್ನು ಒಳಗೇ ಮರೆತು ಸಿಗಾರ್ ತುಂಬಿದರೆ ಬೂಷ್ಟು ಖಂಡಿತ ಎಂದೇ ತಿಳಿಯಿರಿ.

ತೇವಾಂಶ ಅಳೆಯುವ ಹೈಗ್ರೋಮೀಟರ್ ತೋರಿಸುವ ಅಂಕಿಯನ್ನೂ ಕಣ್ಣುಮುಚ್ಚಿ ನಂಬಬೇಡಿ. ಬಾಟಲಿಯ ಮುಚ್ಚಳದಲ್ಲಿ ಉಪ್ಪು ಹಾಕಿ, ಕರಗದಂತೆ ಕೆಲವೇ ಹನಿ ನೀರು ಬೆರೆಸಿ, ಮಾಪಕದ ಜೊತೆ ಜಿಪ್ ಕವರ್‌ನಲ್ಲಿ 24 ಗಂಟೆ ಇಡಿ. 75% ತೋರಿಸಬೇಕು. 71 ತೋರಿಸಿದರೆ, ಮುಂದೆ ಪ್ರತಿ ಓದಿಗೂ 4 ಕೂಡಿಸಿಕೊಳ್ಳಿ.