ಬೆಳ್ಳಿ ನಾಣ್ಯ ಬೀರುವಿಗೆ, ಐದು ರೂಪಾಯಿ ಜನರ ಕೈಗೆ

2018ರ ಡಿಸೆಂಬರ್ 24ರಂದು ದಿಲ್ಲಿಯಲ್ಲಿ ಅಟಲ್ ಬಿಹಾರಿ ವಾಜಪೇಯಿ ಅವರ ನೆನಪಿನ 100 ರೂಪಾಯಿ ನಾಣ್ಯ ಬಿಡುಗಡೆಯಾಯಿತು. ತೂಕ 35 ಗ್ರಾಂ. ಅದರಲ್ಲಿ ಅರ್ಧ ಬೆಳ್ಳಿ, ಉಳಿದದ್ದು ಹೆಚ್ಚಾಗಿ ತಾಮ್ರ. ಇದನ್ನು ಜೇಬಿಗೆ ಹಾಕಿಕೊಂಡು ಯಾರೂ ತರಕಾರಿ ತರೋಕೆ ಹೋಗಲ್ಲ. ಹೋಗಲಿ ಅಂತ ಮಾಡಿದ್ದೂ ಅಲ್ಲ. ಇಂಥ ನಾಣ್ಯಗಳನ್ನು ಟಂಕಸಾಲೆಯವರು ಮುಖಬೆಲೆಗಿಂತ ತುಂಬಾ ಜಾಸ್ತಿಗೆ ಮಾರುತ್ತಾರೆ. ಕೊಂಡವರು ಬೀರುವಿನಲ್ಲಿ ಇಡುತ್ತಾರೆ.

ನಾನಿರುವ ಅಮೆರಿಕದಲ್ಲಿ ಅಧ್ಯಕ್ಷ ಕೆನೆಡಿಯವರ ನಾಣ್ಯ ಬಂದ ದಾರಿಯೇ ಬೇರೆ. 1963ರ ನವೆಂಬರ್‌ನಲ್ಲಿ ಅವರ ಕೊಲೆಯಾಯಿತು. ಡಿಸೆಂಬರ್ ಮುಗಿಯುವುದರೊಳಗೆ ಅವರ ಮುಖದ ನಾಣ್ಯಕ್ಕೆ ಕಾನೂನು ಬಂತು. 1964ರ ಮಾರ್ಚ್‌ನಲ್ಲಿ ಅರ್ಧ ಡಾಲರ್ ಜನರ ಕೈಸೇರಿತು. ಕಾಲು ಡಾಲರ್ ಬೇಡ, ಅದರಲ್ಲಿರುವ ವಾಷಿಂಗ್ಟನ್ ಅವರನ್ನು ತೆಗೆಯಬಾರದು ಅಂದವರು ಕೆನೆಡಿಯವರ ಪತ್ನಿ. ಶೇ. 90ರಷ್ಟು ಬೆಳ್ಳಿ, ಆದರೂ ಕೊಡಬೇಕಾದ್ದು ಬರೀ 50 ಸೆಂಟು! ಜನ ಬ್ಯಾಂಕಿನ ಮುಂದೆ ಸಾಲುಗಟ್ಟಿದರು. ತಗೊಂಡವರು ಖರ್ಚು ಮಾಡಲೇ ಇಲ್ಲ, ನೆನಪಿಗೆ ಅಂತ ಎತ್ತಿಟ್ಟರು. ಮರುವರ್ಷ ಬೆಳ್ಳಿ ಶೇ. 40ಕ್ಕೆ ಇಳಿಯಿತು, 1971ರಲ್ಲಿ ಚಲಾವಣೆಯ ನಾಣ್ಯದಿಂದ ಬೆಳ್ಳಿಯೇ ಹೋಯಿತು. ಅಷ್ಟರಲ್ಲಿ ಅರ್ಧ ಡಾಲರ್ ಬಳಸುವ ರೂಢಿಯೇ ಜನಕ್ಕೆ ತಪ್ಪಿತ್ತು.

ಆಮೇಲೆ ಅಮೆರಿಕದವರೂ ಸಂಗ್ರಹಕಾರರಿಗೆ ಅಂತಲೇ ಬೆಳ್ಳಿ ನಾಣ್ಯ ಹೊಡೆದರು. 1990ರಲ್ಲಿ ಮಾಜಿ ಅಧ್ಯಕ್ಷ ಐಸೆನ್‌ಹೋವರ್ ಜನ್ಮಶತಮಾನೋತ್ಸವದ ಬೆಳ್ಳಿ ಡಾಲರ್ ಬಂತು. ಪ್ರತಿ ನಾಣ್ಯದ ಬೆಲೆಯಲ್ಲಿ 7 ಡಾಲರ್ ದೇಶದ ಸಾಲ ತೀರಿಸೋಕಂತೆ. (ಎಷ್ಟು ತೀರಿತು ಅಂತ ಮಾತ್ರ ಕೇಳಬೇಡಿ.) ಹೆಚ್ಚುವರಿ ದುಡ್ಡು ಎಲ್ಲಿಗೆ ಹೋಗಬೇಕು ಅಂತ ಕಾನೂನಿನಲ್ಲೇ ಬರೆದಿಡುವ ಈ ಪದ್ಧತಿ ನನಗೆ ಇಷ್ಟ. ನಮ್ಮಲ್ಲೂ ಬರಲಿ.

ಆದರೆ ಗೌರವದ ವಿಷಯಕ್ಕೆ ಬಂದರೆ ನಮ್ಮ ಹಳೆಯ ರೀತಿಯೇ ಮೇಲು. ನೆಹರೂ ತೀರಿಕೊಂಡ 1964ರಲ್ಲೇ ಅವರ ಮುಖವಿದ್ದ ಒಂದು ರೂಪಾಯಿ ಬಂತು. ನಿಕ್ಕಲ್‌ನದು, ಬೆಳ್ಳಿಯಲ್ಲ. ಹಾಗಾಗಿ ಕೂಡಿಡುವ ಆಸೆಯೂ ಕಡಿಮೆ. ಮುಂದೆ ಶಾಸ್ತ್ರಿಯವರ 5 ರೂಪಾಯಿ ಬಂತು, 2006ರಲ್ಲಿ ನಮ್ಮ ಬಸವಣ್ಣನವರದೂ ಬಂತು. ಸಂತೆ, ಹೋಟೆಲ್, ಬಸ್ ಕಂಡಕ್ಟರ್ ಚೀಲ ಎಲ್ಲ ಸುತ್ತಿದವು. ದುಡ್ಡಿದ್ದವರಷ್ಟೇ ಕೊಳ್ಳುವ ಬೆಳ್ಳಿ ನಾಣ್ಯಕ್ಕಿಂತ ಇದು ದೊಡ್ಡ ಮರ್ಯಾದೆ ಅಲ್ವಾ?

ಬೆಳ್ಳಿಯದು ಬೇಕಾದವರಿಗೆ ಇರಲಿ, ಬೇಡ ಅನ್ನಲ್ಲ. ಮುಂದಿನ ನಾಯಕರ ಸರದಿ ಬಂದಾಗ ಅದೇ ಮುಖದ ಐದೋ ಹತ್ತೋ ರೂಪಾಯಿಯನ್ನೂ ಹೊಡೆದು, ಅದೇ ದಿನ ಬ್ಯಾಂಕುಗಳಿಗೆ ಕಳಿಸಲಿ.