ಲೋಟ ಬಿತ್ತು

ಹೋದ ಜುಲೈ 20ರ ಮಧ್ಯಾಹ್ನ. ಕಟಪಾಡಿಯ ನಮ್ಮ ಮನೆ. ಹೊರಗೆ ಬಿಡದೆ ಮಳೆ. ನನ್ನದು ಅಕೌಂಟ್ಸ್ ಕೆಲಸ, 20ನೇ ತಾರೀಕು ಅಂದರೆ ಜಿಎಸ್‌ಟಿ ರಿಟರ್ನ್ ಹಾಕುವ ದಿನ. ಒಬ್ಬ ಕ್ಲೈಂಟ್ ಹಿಂದಿನ ರಾತ್ರಿ ಹತ್ತೂವರೆಗೆ ಬಿಲ್ಲುಗಳ ಫೋಟೋ ತೆಗೆದು ವಾಟ್ಸಾಪ್ ಮಾಡಿದ್ದರು. ಅರ್ಧ ಬಿಲ್ಲಿನಲ್ಲಿ ಅವರ ಹೆಬ್ಬೆರಳು.

ಅಮ್ಮನಿಗೆ 79. ಮರೆವು ಶುರುವಾಗಿ ಎರಡು ವರ್ಷ ಆಯಿತು. "ಒಣಸ್ ಆಂಡಾ?" ಅಂತ ತುಳುವಿನಲ್ಲಿ ಕೇಳುತ್ತಾರೆ, ಊಟ ಆಯಿತಾ ಅಂತ. ಆಯಿತಮ್ಮ ಅನ್ನುತ್ತೇನೆ. ಒಳಗೆ ಹೋಗಿ, ಐದು ನಿಮಿಷ ಬಿಟ್ಟು ಮತ್ತೆ ಬರುತ್ತಾರೆ. "ಒಣಸ್ ಆಂಡಾ?" ಅವತ್ತು ಐದನೇ ಸಲ ಬಂದಾಗ ಕೈಯಲ್ಲಿ ಕಷಾಯದ ಲೋಟ ಇತ್ತು. ಕೊತ್ತಂಬರಿ ಜೀರಿಗೆಯ ಕಷಾಯ, ಹಾಲು ಹಾಕಿದ್ದು. ನನ್ನ ಕಣ್ಣು ಸ್ಕ್ರೀನ್ ಮೇಲೆ. ಲೋಟ ನನ್ನ ಕೆನ್ನೆಯ ಹತ್ತಿರ ಬಂತು.

ಅದರ ಮುಂದಿನದು ನನಗೆ ಹೀಗೆ ನೆನಪಿದೆ: ಲೋಟ ಗೋಡೆಗೆ ಬಡಿದ ಶಬ್ದ. ಆಮೇಲೆ ನನ್ನ ಕೈ ಗಾಳಿಯಲ್ಲಿ ಇರುವುದು ಕಾಣಿಸಿದ್ದು. ಶಬ್ದ ಮೊದಲು, ಕೈ ಆಮೇಲೆ. ಇದನ್ನು ಚಂದಕ್ಕೆ ಬರೆಯುತ್ತಿಲ್ಲ, ನಿಜವಾಗಿ ಹಾಗೇ ನೆನಪಿರುವುದು. ಅಮ್ಮ ನನ್ನ ಕೈ ಹಿಡಿದು ತಿರುಗಿಸಿ ನೋಡಿದರು, ಬಿಸಿ ತಾಗಿತಾ ಅಂತ.

ಅಡುಗೆಮನೆಯಿಂದ ಹೆಂಡತಿ ಕೇಳಿದಳು, ಏನದು ಶಬ್ದ?

"ಲೋಟ ಬಿತ್ತು" ಅಂದೆ.

ತಂಗಿಯ ಮಗ ಮಣಿಪಾಲದಲ್ಲಿ ಓದುತ್ತಾನೆ. ಮುಂದಿನ ಭಾನುವಾರ ಅವನ ಜೊತೆ ಗೋಳಿಬಜೆ ತಿನ್ನುತ್ತಾ ಇದನ್ನು ಹೇಳಿದೆ. ಹೆಂಡತಿಗೆ ಹೇಳದ್ದನ್ನು ಅವನಿಗೆ ಯಾಕೆ ಹೇಳಿದೆನೋ. ಅವನು ಸಮಾಧಾನ ಮಾಡಿದ. "ಮಾಮ, ಟೆನ್ಷನ್ ಮಾಡ್ಬೇಡಿ. ಅದು ನೀವು ಮಾಡಿದ್ದಲ್ಲ. ನಿಮಗೆ ಗೊತ್ತಾಗುವ ಮೊದಲೇ ಮೆದುಳು ಮಾಡಿ ಮುಗಿಸಿರುತ್ತದೆ. ಸೈನ್ಸ್ ಪ್ರೂವ್ ಮಾಡಿದೆ." ಎರಡು ವಿಡಿಯೋ ಕಳಿಸಿದ. ನೋಡಿದೆ. ಅಲ್ಲಿಗೇ ನಿಲ್ಲಿಸಲಿಲ್ಲ, ಒಂದು ತಿಂಗಳು ಸಿಕ್ಕಿದ್ದೆಲ್ಲ ಓದಿದೆ. ತಪ್ಪು ಮಾಡಿದವನಿಗೆ ಓದುವ ಹುಮ್ಮಸ್ಸು ಸ್ವಲ್ಪ ಜಾಸ್ತಿಯೇ ಇರುತ್ತದೆ.

ವಿಷಯ ಇಷ್ಟು. ಬೆಂಜಮಿನ್ ಲಿಬೆಟ್ ಅಂತ ಒಬ್ಬ ಮೆದುಳಿನ ವಿಜ್ಞಾನಿ, ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿದ್ದವರು. ಜನರನ್ನು ಕೂರಿಸಿ ತಲೆಗೆ ವಯರ್ ಅಂಟಿಸಿದರು. ಎದುರಿಗೆ ಗಡಿಯಾರದಂಥ ಪರದೆ, ಅದರಲ್ಲಿ ಒಂದು ಚುಕ್ಕಿ 2.56 ಸೆಕೆಂಡಿಗೆ ಒಂದು ಸುತ್ತು ಬರುತ್ತದೆ. ನಿಮಗೆ ಯಾವಾಗ ಮನಸ್ಸಾಗುತ್ತದೋ ಆಗ ಮಣಿಕಟ್ಟು ಆಡಿಸಿ, ಮನಸ್ಸಾದಾಗ ಚುಕ್ಕಿ ಎಲ್ಲಿತ್ತು ಅಂತ ಆಮೇಲೆ ಹೇಳಿ. ಇಷ್ಟೇ ಆಟ. 1983ರಲ್ಲಿ ಬಂದ ಫಲಿತಾಂಶ: ಕೈ ಆಡುವುದಕ್ಕೆ ಸುಮಾರು 550 ಮಿಲಿಸೆಕೆಂಡ್ ಮೊದಲೇ ಮೆದುಳಿನಲ್ಲಿ ತಯಾರಿ ಶುರು. ಆದರೆ 'ಆಡಿಸೋಣ' ಅಂತ ಆ ಮನುಷ್ಯನಿಗೆ ಅನಿಸಿದ್ದು ಬರೀ 200 ಮಿಲಿಸೆಕೆಂಡ್ ಮೊದಲು. ಅಂದರೆ ಸೆಕೆಂಡಿನ ಮೂರನೇ ಒಂದು ಭಾಗದಷ್ಟು ಹೊತ್ತು ಕೆಲಸ ಶುರುವಾಗಿದೆ, ಯಜಮಾನನಿಗೆ ಸುದ್ದಿಯೇ ಇಲ್ಲ.

2008ರಲ್ಲಿ ಜರ್ಮನಿಯವರು ಇನ್ನೂ ಮುಂದೆ ಹೋದರು. ಎಡಗೈಯ ಗುಂಡಿ ಒತ್ತುತ್ತೀರೋ ಬಲಗೈಯದ್ದೋ ಅನ್ನುವುದನ್ನು ಹಲವು ಸೆಕೆಂಡ್ ಮೊದಲೇ ಸ್ಕ್ಯಾನ್ ನೋಡಿ ಊಹಿಸಿದರು. ವಿಡಿಯೋದಲ್ಲಿ ಇದನ್ನು ಸಿಡಿಲು ಹೊಡೆದ ಹಾಗೆ ಹೇಳುತ್ತಾರೆ. ಊಹೆ ಸರಿಯಾದದ್ದು ನೂರಕ್ಕೆ 60ರ ಆಸುಪಾಸು ಅನ್ನುವುದನ್ನು ಮಾತ್ರ ಮೆಲ್ಲಗೆ ಹೇಳುತ್ತಾರೆ. ಕಾಸು ಚಿಮ್ಮಿದರೇ 50 ಬರುತ್ತದೆ, ಅಲ್ವಾ?

ಲಿಬೆಟ್ ಕಂಡ ಆ ತಯಾರಿ ನಿಜಕ್ಕೂ ತಯಾರಿಯೇ ಅನ್ನುವ ಜಗಳವೂ ಇದೆ. 2012ರಲ್ಲಿ ಆರನ್ ಶರ್ಗರ್ ಮತ್ತು ಜೊತೆಯವರು ಬೇರೆ ಲೆಕ್ಕ ಹೇಳಿದರು. ನನಗೆ ಅರ್ಥವಾದದ್ದು ಮಲ್ಪೆ ಬೀಚಿನ ಲೆಕ್ಕದಲ್ಲಿ. ಮರಳಿನಲ್ಲಿ ಒಂದು ಗೆರೆ ಎಳೆಯಿರಿ. ನೀರು ಸುಮ್ನೆ ಮೇಲೆ ಬರುತ್ತದೆ, ಹಿಂದೆ ಹೋಗುತ್ತದೆ. ಗೆರೆ ಮುಟ್ಟಿದಾಗ ಮಾತ್ರ ನೀವು ಹಿಂದಿನ ಕೆಲವು ಕ್ಷಣಗಳನ್ನು ಬರೆದಿಡುತ್ತೀರಿ. ಅಂಥ ನೂರು ಸಲದ್ದನ್ನು ಸೇರಿಸಿ ಸರಾಸರಿ ತೆಗೆದರೆ ನೀರು ನಿಧಾನವಾಗಿ ಗೆರೆಯ ಕಡೆಗೇ ಏರುತ್ತಾ ಬಂದ ಹಾಗೆ ಕಾಣುತ್ತದೆ. ಗೆರೆ ಮುಟ್ಟದ ಅಲೆಗಳನ್ನು ನೀವು ಲೆಕ್ಕಕ್ಕೇ ತೆಗೆದುಕೊಂಡಿಲ್ಲವಲ್ಲ. ಸಮುದ್ರ ಮೊದಲೇ ತೀರ್ಮಾನ ಮಾಡಿತ್ತು ಅನ್ನಬಹುದಾ? ಮೆದುಳಿನ ಸದ್ದಿನಲ್ಲೂ ಇಂಥದ್ದೇ ಏರಿಳಿತ ಇದೆ, ಅದು ಗೆರೆ ದಾಟಿದಾಗ ಕೈ ಆಡುತ್ತದೆ, ಹಿಂದಕ್ಕೆ ನೋಡಿದಾಗ ತಯಾರಿಯ ಹಾಗೆ ಕಾಣುತ್ತದೆ ಅನ್ನುವುದು ಅವರ ವಾದ.

ಈ ಜಗಳ ಯಾರು ಗೆದ್ದರೂ ನನ್ನ ಲೋಟಕ್ಕೆ ಜಾಸ್ತಿ ವ್ಯತ್ಯಾಸ ಆಗುವುದಿಲ್ಲ. ಕಾರಣ ನನ್ನ ಅಪ್ಪ.

ಅಪ್ಪ ಉಡುಪಿ–ಮಂಗಳೂರು ಎಕ್ಸ್‌ಪ್ರೆಸ್ ಬಸ್ಸಿನ ಡ್ರೈವರ್ ಆಗಿದ್ದರು. ಆಗ ಈ ರಾಷ್ಟ್ರೀಯ ಹೆದ್ದಾರಿ 66 ಇನ್ನೂ 17 ಆಗಿತ್ತು, ನಾಲ್ಕು ಲೇನ್ ಇರಲಿಲ್ಲ. ಒಂದು ಮಳೆಗಾಲ ಮುಲ್ಕಿಯ ಹತ್ತಿರ ಶಾಲೆಯ ಮಗುವೊಂದು ಗಾಳಿಗೆ ಹಾರಿದ ಕೊಡೆಯ ಹಿಂದೆ ರಸ್ತೆಗೆ ಓಡಿತು. ಬಸ್ಸು ನಿಂತಿತು. ಜನ ಎದುರಿನ ಸೀಟಿಗೆ ಮೂಗು ಜಜ್ಜಿಕೊಂಡು ಬೈಯಲು ಶುರು ಮಾಡಿ, ಆಮೇಲೆ ಹೊರಗೆ ನೋಡಿ ಸುಮ್ಮನಾದರು. ಅಪ್ಪ ಈ ಕಥೆ ಎಷ್ಟು ಸಲ ಹೇಳಿದರೂ ಒಂದು ಮಾತು ಬದಲಾಗುತ್ತಿರಲಿಲ್ಲ: "ಕಾಲು ಹೋಗಿ ಆಗಿತ್ತು ಮಾರಾಯ, ಮಗು ಕಂಡದ್ದು ಆಮೇಲೆ."

60ರ ಸ್ಪೀಡಿನಲ್ಲಿ ಬಸ್ಸು ಒಂದು ಸೆಕೆಂಡಿಗೆ 16 ಮೀಟರಿಗಿಂತ ಜಾಸ್ತಿ ಹೋಗುತ್ತದೆ. ಲಿಬೆಟ್ ಹೇಳಿದ ಆ ಮೂರನೇ ಒಂದು ಸೆಕೆಂಡಿಗೆ ಐದೂವರೆ ಮೀಟರ್. ಮನಸ್ಸಿಗೆ ತಿಳಿಸಿ, ಒಪ್ಪಿಗೆ ತೆಗೆದುಕೊಂಡು ಬ್ರೇಕ್ ಹಾಕುವುದಾದರೆ ಆ ಮಗು ಉಳಿಯುತ್ತಿರಲಿಲ್ಲ.

ಮಾರನೇ ದಿನ ಮಗುವಿನ ಅಜ್ಜಿ ಬಸ್ಸು ನಿಲ್ಲಿಸಿ ಒಂದು ಬಾಳೆಗೊನೆ ಕೊಟ್ಟರಂತೆ. ಅಪ್ಪ ತಂದರು, ನಾವು ವಾರ ಇಡೀ ತಿಂದೆವು. ಇದು ನಾನು ಮಾಡಿದ್ದಲ್ಲ ಅಜ್ಜಿ, ನನ್ನ ಮೆದುಳು ಮಾಡಿದ್ದು ಅಂತ ಅಪ್ಪ ಗೊನೆ ವಾಪಸ್ ಕೊಡಲಿಲ್ಲ. ಅಜ್ಜಿಯೂ ಮೆದುಳಿಗೆ ಅಂತ ಕೊಟ್ಟದ್ದಲ್ಲ. ಇಪ್ಪತ್ತು ವರ್ಷ ಪ್ರತಿ ಬೆಳಿಗ್ಗೆ ಬಸ್ಸು ತೆಗೆಯುವ ಮೊದಲು ಬ್ರೇಕ್ ಎರಡು ಸಲ ಒತ್ತಿ ನೋಡಿದ ಮನುಷ್ಯ, ಡ್ಯೂಟಿಯ ಹಿಂದಿನ ರಾತ್ರಿ ಮದುವೆ ಮನೆಯಲ್ಲೂ ಗ್ಲಾಸ್ ಮುಟ್ಟದ ಮನುಷ್ಯ, ಅವನ ಕಾಲು ಅದು. ಕಾಲು ತಾನಾಗಿ ಹೋಯಿತು ಸರಿ, ಹಾಗೆ ಹೋಗುವ ಕಾಲನ್ನು ತಯಾರು ಮಾಡಿದ್ದು ಯಾರು?

ಹಾಗಾದರೆ ನನ್ನ ಕೈ? ಬಾಳೆಗೊನೆ ಮನೆಗೆ ಬರಬಹುದು, ಬೈಗುಳ ಮಾತ್ರ ಮೆದುಳಿಗೆ ಹೋಗಬೇಕು ಅಂದರೆ ಯಾವ ನ್ಯಾಯ? 20ನೇ ತಾರೀಕು ಪ್ರತಿ ತಿಂಗಳು ಬರುತ್ತದೆ. ಆ ದಿನ ನನ್ನ ತಲೆ ಹೇಗಿರುತ್ತದೆ ಅಂತ ಮನೆಯವರಿಗೆಲ್ಲ ಗೊತ್ತು, ನನಗೂ ಗೊತ್ತು. ಆಫೀಸಿಗೆ ಹೋಗಬಹುದಿತ್ತು. ಅಮ್ಮನ ಜೊತೆ ಹತ್ತು ನಿಮಿಷ ಕೂತು ಬರಬಹುದಿತ್ತು. ಲಿಬೆಟ್‌ನ ಕುರ್ಚಿಯಲ್ಲಿ ಕೂತವರೂ ಕೈ ಆಡಿಸಲು ಒಪ್ಪಿದ್ದು ತಲೆಗೆ ವಯರ್ ಅಂಟಿಸುವ ಮೊದಲೇ.

ಕಾನೂನು ಕೂಡ ಈ ದಾರಿಯಲ್ಲೇ ಯೋಚಿಸುತ್ತದೆ. ಹಠಾತ್ತನೆ ಭಾರೀ ಕೆರಳಿಕೆಯಾಗಿ ಕೊಲೆ ನಡೆದರೆ ಅಪರಾಧದ ತೂಕ ಕಡಿಮೆಯಾಗುತ್ತದೆ. 1860ರ ದಂಡ ಸಂಹಿತೆಯಲ್ಲಿ ಇತ್ತು, 2024ರ ಜುಲೈಯಿಂದ ಬಂದ ಹೊಸ ನ್ಯಾಯ ಸಂಹಿತೆಯಲ್ಲೂ ಇದೆ. ಕಡಿಮೆಯಾಗುತ್ತದೆ, ಇಲ್ಲವಾಗುವುದಿಲ್ಲ. ಜೊತೆಗೆ ಒಂದು ಷರತ್ತು: ಆ ಕೆರಳಿಕೆಯನ್ನು ನೀನೇ ಹುಡುಕಿಕೊಂಡು ಹೋಗಿರಬಾರದು.

ಅಳಿಯ ಬಿಡಲಿಲ್ಲ. ಅವನ ಎರಡನೇ ವಾದ ಗಟ್ಟಿ ಇದೆ, ಅದನ್ನು ಹಗುರ ಮಾಡಿ ಹೇಳುವುದು ಸರಿಯಲ್ಲ. "ಆ ಅಭ್ಯಾಸ, ಆ ಸ್ವಭಾವ, ಅದನ್ನಾದರೂ ನೀವು ಆರಿಸಿಕೊಂಡದ್ದಾ ಮಾಮ? ಅಜ್ಜನ ಶಿಸ್ತು ಅವರ ಅಪ್ಪನಿಂದ. ನಿಮ್ಮ ಸಿಟ್ಟು ಎಲ್ಲಿಂದಲೋ. ಹಿಂದೆ ಹೋಗ್ತಾ ಹೋದರೆ ನೀವು ಎಲ್ಲಿ ಸಿಗ್ತೀರಿ?" ಸ್ಟ್ಯಾನ್‌ಫರ್ಡ್‌ನ ರಾಬರ್ಟ್ ಸಪೋಲ್ಸ್ಕಿಯಂಥ ದೊಡ್ಡ ವಿಜ್ಞಾನಿಯೂ ಇದನ್ನೇ ಹೇಳುತ್ತಾರೆ. ಈ ವಾದವನ್ನು ಸೋಲಿಸುವ ಶಕ್ತಿ ನನಗಿಲ್ಲ.

ನಮ್ಮ ಉಡುಪಿಗೆ ಇದೇನು ಹೊಸ ಪ್ರಶ್ನೆ ಅಲ್ಲ ಅನ್ನುವುದು ಬೇರೆ ಮಾತು. ಕೃಷ್ಣ ಮಠದ ರಾಜಾಂಗಣದ ಒಂದು ಪ್ರವಚನದಲ್ಲಿ ಕೇಳಿದ್ದು. ಸ್ವತಂತ್ರ ಅಂತ ಇರುವುದು ಹರಿ ಒಬ್ಬನೇ ಅಂದವರು ಮಧ್ವರು. ಹಾಗಾದರೆ ಜೀವನಿಗೆ ಪಾಪ ಪುಣ್ಯ ಯಾಕೆ? ಬ್ರಹ್ಮಸೂತ್ರದಲ್ಲಿ ಬಡಗಿಯ ಉದಾಹರಣೆ ಬರುತ್ತದೆ. ಬಡಗಿ ಕೆಲಸ ಮಾಡಿಸುವವನ ಅಧೀನದಲ್ಲಿ ಇದ್ದಾನೆ, ಆದರೂ ಕೆಲಸ ಮಾಡುವವನು ಅವನೇ. ಜೀವನೂ ಹಾಗೆ ಅಂತ ಮಧ್ವರ ವಿವರಣೆ. ಅರ್ಥ ಬಿಡಿಸುವ ಯೋಗ್ಯತೆ ನನಗಿಲ್ಲ. ಆದರೆ ನಮ್ಮ ಮನೆಯ ಬಾಗಿಲು ಮಾಡಿದ ಆಚಾರಿಯ ನೆನಪಾಯಿತು. ಮರ ನಮ್ಮದು, ಅಳತೆ ನಮ್ಮದು, ದುಡ್ಡು ನಮ್ಮದು. ಬಾಗಿಲು ಮಳೆಗಾಲದಲ್ಲಿ ಉಬ್ಬಿ ಕೂತಾಗ ಅಪ್ಪ ಮರವನ್ನು ಕರೆಸಲಿಲ್ಲ, ಆಚಾರಿಯನ್ನು ಕರೆಸಿದರು.

ಯಾಕೆ? ಆಚಾರಿಗೆ ಹೇಳಿದರೆ ಪ್ರಯೋಜನ ಇದೆ. ಮುಂದಿನ ಸಲ ಎರಡು ನೂಲಿನಷ್ಟು ಸಂದು ಜಾಸ್ತಿ ಬಿಡುತ್ತಾನೆ. ನನಗೆ ಇಷ್ಟು ಸಾಕು. ಅಮ್ಮ ಐದು ಸಲ ಕೇಳಿದ್ದೂ ಮೆದುಳಿನಿಂದಲೇ, ನಾನು ಲೋಟ ಹಾರಿಸಿದ್ದೂ ಮೆದುಳಿನಿಂದಲೇ, ಒಪ್ಪಿದೆ. ಆದರೆ ಅಮ್ಮನಿಗೆ 'ಇನ್ನು ಕೇಳಬೇಡಿ' ಅಂದರೆ ಆ ಮಾತೇ ಅವರಲ್ಲಿ ಉಳಿಯುವುದಿಲ್ಲ. ನನಗೆ ಹೇಳಿದರೆ ಉಳಿಯುತ್ತದೆ, ಚುಚ್ಚುತ್ತದೆ, ಮುಂದಿನ 20ಕ್ಕೆ ನಾನು ಬೇರೆ ಏನಾದರೂ ಮಾಡುತ್ತೇನೆ. ಅದಕ್ಕೇ ಅಮ್ಮನದ್ದು ಕಾಯಿಲೆ, ನನ್ನದು ತಪ್ಪು. 'ನೀನು ಮಾಡಿದ್ದಲ್ಲ' ಅಂತ ನನ್ನನ್ನು ಸಮಾಧಾನ ಮಾಡುವವರು ಗೊತ್ತಿಲ್ಲದೆ ನನ್ನನ್ನೂ ಕಾಯಿಲೆಯವರ ಪಟ್ಟಿಗೆ ಸೇರಿಸುತ್ತಿದ್ದಾರೆ.

ಇನ್ನೊಂದು. ನಮ್ಮ ಭಾಷೆಯೇ ಸ್ವಲ್ಪ ಕಳ್ಳ. ಸಿಟ್ಟು ಬಂತು, ನಗು ಬಂತು, ಬೇಜಾರಾಯಿತು. ಎಲ್ಲ ಎಲ್ಲಿಂದಲೋ ನಮ್ಮ ಮೇಲೆ ಬಂದದ್ದೇ. ಅದು ಸರಿಯೇ ಇರಬಹುದು, ಸಿಟ್ಟನ್ನು ಯಾರೂ ಕರೆದು ತರುವುದಿಲ್ಲ. ಆದರೆ 'ಹೊಡೆದೆ', 'ಬೈದೆ' ಅನ್ನಬೇಕಾದ ಜಾಗದಲ್ಲೂ ನಾವು ಮೆಲ್ಲಗೆ ಜಾರುತ್ತೇವೆ. ಬಾಯಿಗೆ ಬಂದು ಹೋಯ್ತು. ಕೈ ಎತ್ತಿ ಹೋಯ್ತು. ಮೂರು ವರ್ಷದ ಮಗುವಿಗೂ ಗೊತ್ತು ಇದು: "ಒಡೆದು ಹೋಯ್ತಮ್ಮಾ." ಒಡೆದೆ ಅನ್ನುವುದಿಲ್ಲ. ತುಳುವಿನಲ್ಲೂ ಅಷ್ಟೇ, ಕೋಪ ಬರುವುದು.

ಲೋಟಕ್ಕೆ ಕೈ ಬೀಸಿದ್ದು ನನಗೆ ಗೊತ್ತಾಗುವ ಮೊದಲು ಅನ್ನಿ, ಲಿಬೆಟ್ ಹೇಳಿದ 350 ಮಿಲಿಸೆಕೆಂಡ್ ಪೂರ್ತಿ ನನಗೆ ಕೊಡಿ. ಆದರೆ 'ಲೋಟ ಬಿತ್ತು' ಅಂದದ್ದು? ಆಗ ಕೈ ಕೆಳಗಿಳಿಸಿ ಆಗಿತ್ತು. ಅಮ್ಮ ನನ್ನ ಅಂಗೈ ನೋಡುತ್ತಿದ್ದರು. ಹೆಂಡತಿ ಕೇಳಿದ ಮೇಲೆ ಎರಡು ಸೆಕೆಂಡ್ ಸುಮ್ಮನಿದ್ದೆ. ಆ ಎರಡು ಸೆಕೆಂಡಿನಲ್ಲಿ 'ನಾನು ತಳ್ಳಿದೆ' ಅನ್ನುವ ಮಾತು ಬಾಯಿಯ ತನಕ ಬಂದಿತ್ತು. ಅದನ್ನು ನುಂಗಿ ಇದನ್ನು ತೆಗೆದೆ. ಲಿಬೆಟ್ ಸ್ವತಃ ಒಂದು ಮಾತು ಹೇಳಿದ್ದರು, ವಿಡಿಯೋದವರು ಬಿಟ್ಟುಬಿಡುವ ಮಾತು: ಶುರು ಮಾಡುವುದು ನಿಮ್ಮ ಕೈಯಲ್ಲಿ ಇಲ್ಲದಿರಬಹುದು, ಕೊನೆಯ ಗಳಿಗೆಯಲ್ಲಿ ತಡೆಯುವ ಅವಕಾಶ ನಿಮಗಿದೆ ಅಂತ. ನಾನು ಆ ಅವಕಾಶವನ್ನು ಚೆನ್ನಾಗಿಯೇ ಬಳಸಿಕೊಂಡೆ. ತಡೆದದ್ದು ನಿಜವನ್ನು.

ಕಳೆದ ವಾರ ಅಮ್ಮನ ಹತ್ತಿರ ಕೂತು ಹೇಳಿದೆ, ಅಮ್ಮಾ, ಅವತ್ತು ಲೋಟ ನಾನೇ ತಳ್ಳಿದ್ದು. ಅವರು ತುಂಬ ಹೊತ್ತು ಯೋಚಿಸಿದರು. "ಯಾವ ಲೋಟ?" ಅಂದರು. ಆ ಲೋಟ ಅಲ್ಲೇ ಸ್ಟ್ಯಾಂಡಿನಲ್ಲಿತ್ತು, ಅಂಚಿನ ಕೆಳಗೆ ಹೆಬ್ಬೆರಳಿನಷ್ಟು ತಗ್ಗು ಬಿದ್ದಿದೆ. ತಂದು ತೋರಿಸಿದೆ. ತಗ್ಗನ್ನು ಬೆರಳಿನಿಂದ ಸವರಿ, ನನ್ನ ಮುಖ ನೋಡಿ, ಒಣಸ್ ಆಂಡಾ ಅಂತ ಕೇಳಿದರು.

ಹೆಂಡತಿಗೆ ರಾತ್ರಿ ಪಾತ್ರೆ ಒರೆಸುವಾಗ ಹೇಳಿದೆ. ಅವತ್ತು ಲೋಟ ಬಿದ್ದದ್ದಲ್ಲ, ನಾನು ತಳ್ಳಿದ್ದು.

"ಗೊತ್ತುಂಟು" ಅಂದಳು, ತಲೆ ಎತ್ತದೆ. "ಬಿದ್ದ ಲೋಟ ಗೋಡೆಗೆ ಹೋಗಿ ಬಡಿಯುವುದಿಲ್ಲ."